ಮೋಟಾರು ಕಾರಿನ ರೇಡಿಯೇಟರೂ ಅದರ ಸಂರಕ್ಷಣೆಯೂ

ಮುಂಗಾರಿಗೆ ಮೊದಲು ನೇಗಿಲಿನ ಗುಳವನ್ನು ತಟ್ಟಿಸಬೇಕೆಂದಾಗಲಿ, ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಬೇಕೆಂದಾಗಲಿ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವು ತಲೆಮಾರುಗಳಿಂದ ಬಂದ ತಿಳಿವಳಿಕೆ. ಅದೇ ರೈತನ ಅಂಗಳದಲ್ಲಿ ಈಗ ಮೋಟಾರು ಕಾರೂ ಟ್ರಾಕ್ಟರೂ ನಿಂತಿರುತ್ತವೆ. ಅವುಗಳ ವಿಷಯದಲ್ಲಿ ಅಂತಹ ತಿಳಿವಳಿಕೆಯು ಇನ್ನೂ ಮನೆಮಾತಾಗಿಲ್ಲ. ಚಕ್ರದ ಗಾಳಿಯನ್ನೂ ಎಂಜಿನಿನ ಎಣ್ಣೆಯನ್ನೂ ನೋಡಿಕೊಳ್ಳುವವರುಂಟು. ರೇಡಿಯೇಟರಿನ ನೀರನ್ನು ಮಾತ್ರ, ಕಾರಿನ ಮುಂಭಾಗದಿಂದ ಆವಿಯು ಎದ್ದ ಮೇಲೆಯೇ ನೋಡುವುದು ವಾಡಿಕೆಯಾಗಿದೆ. ಆ ಹೊತ್ತಿಗೆ ಕೆಡಬೇಕಾದದ್ದು ಅನೇಕ ವೇಳೆ ಕೆಟ್ಟೇ ಹೋಗಿರುತ್ತದೆ. ಬಿತ್ತನೆಯ ಹದವು ಮೂರೇ ದಿನವಿರುವಾಗ ಟ್ರಾಕ್ಟರಿನ ಎಂಜಿನು ಬಿಗಿದು ನಿಂತರೆ ಆಗುವ ನಷ್ಟವನ್ನು ರಿಪೇರಿಯ ಖರ್ಚಿನಿಂದ ಮಾತ್ರ ಅಳೆಯಲಾಗದು. ರೋಗಿಯನ್ನು ಪಟ್ಟಣಕ್ಕೆ ಒಯ್ಯುತ್ತಿರುವ ಕಾರು ನಡುದಾರಿಯಲ್ಲಿ ಉಕ್ಕಿದರೆ ಆಗುವ ಕಷ್ಟಕ್ಕಂತೂ ಲೆಕ್ಕವೇ ಇಲ್ಲ.

ಈ ಲೇಖನದಲ್ಲಿ ಮುಖ್ಯವಾಗಿ ಕಾರಿನ ವಿಷಯವನ್ನು ವಿವರಿಸಿದೆ. ಟ್ರಾಕ್ಟರಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿಗಳನ್ನು ಅಲ್ಲಲ್ಲಿ ಸೂಚಿಸಿದೆ.

ಎಂಜಿನಿಗೆ ನೀರು ಬೇಕಾದುದೇಕೆ?— ಎಂಜಿನಿನೊಳಗೆ ಪೆಟ್ರೋಲಾಗಲಿ ಡೀಸೆಲ್ ಎಣ್ಣೆಯಾಗಲಿ ಉರಿಯುವಾಗ ಕ್ಷಣಮಾತ್ರ 2,000 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಉಷ್ಣವು ಹುಟ್ಟುತ್ತದೆ. ಎಂಜಿನಿನ ಭಾಗಗಳಲ್ಲಿ ಅನೇಕವು ಅಲ್ಯೂಮಿನಿಯಮ್ಮಿನವು. ಆ ಲೋಹವು 660 ಡಿಗ್ರಿಯಲ್ಲಿ ಕರಗಿ ನೀರಾಗುತ್ತದೆ. ಹುಟ್ಟಿದ ಶಾಖದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲಿ ಒಂದು ಪಾಲು ಗಾಡಿಯನ್ನು ಎಳೆಯುವ ಶಕ್ತಿಯಾಗುತ್ತದೆ. ಒಂದು ಪಾಲು ಹೊಗೆಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಉಳಿದ ಒಂದು ಪಾಲನ್ನು ನೀರು ಹೊತ್ತುಕೊಂಡು ಹೋಗಿ ಗಾಳಿಗೆ ಒಪ್ಪಿಸಬೇಕು. ಈ ಹೊರೆಯನ್ನು ನೀರು ಹೊರದೆ ಹೋದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ನು ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುವುದು, ಇಲ್ಲವೆ ಸಿಲಿಂಡರಿನ ತಲೆಯು ಸೊಟ್ಟಗಾಗಿ ಬಿರಿಯುವುದು ನಿಶ್ಚಯ.

ಮೋಟಾರು ಗಾಡಿಯ ಆದಿಕಾಲದಲ್ಲಿ ಈ ನೀರು ಕುದಿದು ಆವಿಯಾಗಿ ಹೋಗಿಯೇ ಬಿಡುತ್ತಿತ್ತು. ಜರ್ಮನಿಯ ಕಾರ್ಲ್ ಬೆಂಜನು 1886ರಲ್ಲಿ ಪೇಟೆಂಟು ಪಡೆದ ಗಾಡಿಯ ಕ್ರಮವು ಇದೇ. 1888ರಲ್ಲಿ ಅವನ ಹೆಂಡತಿ ಬರ್ತಾ ಬೆಂಜಳು ಇಬ್ಬರು ಗಂಡುಮಕ್ಕಳೊಡನೆ ಅಂತಹ ಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಿದಾಗ ದಾರಿಯುದ್ದಕ್ಕೂ ನೀರು ಸಿಕ್ಕಿದಲ್ಲೆಲ್ಲ ತುಂಬಿಕೊಳ್ಳಬೇಕಾಯಿತು. 1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೈಬಾಕನು ಜೇನುಹುಟ್ಟಿನ ಆಕಾರದ ರೇಡಿಯೇಟರನ್ನು ರಚಿಸಿದನು. ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳಲ್ಲಿ ಗಾಳಿಯು ನುಗ್ಗಿ, ಅವುಗಳ ಸುತ್ತಲಿನ ಸುಮಾರು 9 ಲೀಟರು ನೀರನ್ನು ತಣಿಸುತ್ತಿತ್ತು. ನೀರು ಖರ್ಚಾಗತಕ್ಕ ವಸ್ತುವಾಗಿದ್ದುದು ಹೋಗಿ, ಸುತ್ತಿ ಸುತ್ತಿ ಬರತಕ್ಕ ವಸ್ತುವಾಯಿತು. ಈಗಿನ ಕಾರುಗಳಲ್ಲಿ ಅದು ಸಂಪೂರ್ಣವಾಗಿ ಮುಚ್ಚಿದ ಸುತ್ತು. ನೆಟ್ಟಗಿರುವ ಕಾರಿಗೆ ತಿಂಗಳುಗಟ್ಟಲೆ ಒಂದು ಲೋಟ ನೀರೂ ಬೇಕಾಗದು. ಹೀಗಿದ್ದರೂ ಪ್ರತಿದಿನ ಬೆಳಿಗ್ಗೆ ಒಂದು ಚೊಂಬು ನೀರನ್ನು ಹುಯ್ದು, 'ಕಾರಿಗೆ ನೀರು ಕುಡಿಸಿದೆ' ಎಂದು ತೃಪ್ತಿಪಡುವ ಚಾಲಕರಿಗೆ ಕೊರತೆಯಿಲ್ಲ. ದಿನವೂ ನೀರು ಕೇಳುವ ಕಾರು ರೋಗಪೀಡಿತವಾದ ಕಾರೆಂದು ತಿಳಿಯತಕ್ಕದ್ದು.

ನೀರಿನ ಸುತ್ತು.— ಕೆರೆ, ತೂಬು, ಕಾಲುವೆಗಳನ್ನು ಬಲ್ಲವರಿಗೆ ಇದು ಕಠಿಣವಾದ ವಿಷಯವಲ್ಲ. ಎಂಜಿನಿನ ಸಿಲಿಂಡರುಗಳ ಸುತ್ತಲೂ ಲೋಹದ ಗೋಡೆಯೊಳಗೆ ಕಾಲುವೆಗಳಿವೆ. ನೀರಿನ ಪಂಪು ನೀರನ್ನು ಇವುಗಳಲ್ಲಿ ತಳ್ಳುತ್ತದೆ. ಕಾದ ನೀರು ಮೇಲಿನ ರಬ್ಬರು ಕೊಳವೆಯಿಂದ ರೇಡಿಯೇಟರಿಗೆ ಬಂದು, ತೆಳ್ಳನೆಯ ನಳಿಗೆಗಳಲ್ಲಿ ಹರಿದು, ಗಾಳಿಗೆ ತಣಿದು, ಕೆಳಗಿನ ಕೊಳವೆಯಿಂದ ಪಂಪಿಗೆ ಹಿಂದಿರುಗುತ್ತದೆ. ಗಾಡಿಯು ನಿಧಾನವಾಗಿರುವಾಗ ಗಾಳಿಯನ್ನೆಳೆಯುವುದಕ್ಕೆ ಫ್ಯಾನು ಉಂಟು. ಎಂಜಿನಿನಿಂದ ರೇಡಿಯೇಟರಿಗೆ ಹೋಗುವ ದಾರಿಯಲ್ಲಿ ಥರ್ಮೋಸ್ಟಾಟೆಂಬ ತೂಬು ಇದೆ. ಎಂಜಿನು ತಣ್ಣಗಿರುವಾಗ ಇದು ಮುಚ್ಚಿರುತ್ತದೆ. ನೀರು ಸಾಧಾರಣವಾಗಿ 82ರಿಂದ 88 ಡಿಗ್ರಿಗೆ ಬಂದಾಗ ತಾನಾಗಿ ತೆರೆಯುತ್ತದೆ.

ಉಷ್ಣದೇಶದಲ್ಲಿ ಈ ತೂಬು ಅನಾವಶ್ಯಕವೆಂದು ಹೇಳಿ ಅದನ್ನು ಕಿತ್ತೆಸೆಯುವ ಮೇಸ್ತ್ರಿಗಳಿದ್ದಾರೆ. ಇದು ದೊಡ್ಡ ತಪ್ಪು. ಎಂಜಿನು ಹದವಾದ ಶಾಖಕ್ಕೆ ಬರದೆ ಓಡಿದರೆ ಎಣ್ಣೆಯು ಪೂರ್ತಿಯಾಗಿ ಉರಿಯದೆ ಸಿಲಿಂಡರಿನ ಗೋಡೆಯ ಜಿಡ್ಡನ್ನು ತೊಳೆದುಬಿಡುತ್ತದೆ; ಸವಕಳಿ ಹೆಚ್ಚುತ್ತದೆ; ಇಂಧನವೂ ಹೆಚ್ಚು ಖರ್ಚಾಗುತ್ತದೆ. ಕೆಲವು ಎಂಜಿನುಗಳಲ್ಲಿ ಇದನ್ನು ತೆಗೆದರೆ ಪಕ್ಕದ ದಾರಿಯು ಸದಾ ತೆರೆದಿದ್ದು, ನೀರು ರೇಡಿಯೇಟರಿಗೆ ಹೋಗದೆಯೇ ಎಂಜಿನಿಗೆ ಮರಳಿ, ಯಾವ ಕಾವನ್ನು ತಪ್ಪಿಸಬೇಕೆಂದಿತ್ತೋ ಅದೇ ಕಾವು ಬಂದೊದಗುತ್ತದೆ. ಕೆಟ್ಟ ತೂಬಿಗೆ ಹೊಸ ತೂಬನ್ನಿಡಬೇಕು. ತೂಬಿಲ್ಲದ ಕೆರೆಯನ್ನು ಯಾವ ಗ್ರಾಮಸ್ಥರೂ ಒಪ್ಪಲಾರರು.

ಮುಚ್ಚಳದ ಮಹತ್ವ.— ರೇಡಿಯೇಟರಿನ ಮುಚ್ಚಳವನ್ನು ಬರಿಯ ಮುಚ್ಚಳವೆಂದು ತಿಳಿಯಕೂಡದು. ಬಯಲಿನಲ್ಲಿಟ್ಟ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. 2,200 ಮೀಟರಿಗೂ ಎತ್ತರವಾದ ಉದಕಮಂಡಲದಲ್ಲಿ ಸುಮಾರು 93ಕ್ಕೆ. ಘಟ್ಟ ಹತ್ತಿದಷ್ಟೂ ಎಂಜಿನಿಗೆ ಶ್ರಮ ಹೆಚ್ಚು, ಕುದಿಯುವ ಬಿಂದು ಕಡಿಮೆ. ಈ ಇಕ್ಕಟ್ಟನ್ನು ಮುಚ್ಚಳದ ಸ್ಪ್ರಿಂಗು ಪರಿಹರಿಸುತ್ತದೆ. ಅದು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ ನೀರು 120 ಡಿಗ್ರಿಯ ಸಮೀಪದವರೆಗೂ ಕುದಿಯದೆ ದ್ರವವಾಗಿಯೇ ಇರುತ್ತದೆ. ಬೇಳೆಯನ್ನು ಬೇಗ ಬೇಯಿಸುವ ಪ್ರೆಶರ್ ಕುಕ್ಕರಿನ ತತ್ತ್ವವೇ ಇಲ್ಲಿಯೂ ಇರುವುದು.

ಆದಕಾರಣವೇ ಕಾದಿರುವ ಎಂಜಿನಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ತೆರೆದ ಕ್ಷಣದಲ್ಲಿ ಒತ್ತಡವು ಬಿದ್ದುಹೋಗಿ, ಅದುವರೆಗೆ ಸುಮ್ಮನಿದ್ದ ನೀರು ಒಮ್ಮೆಗೇ ಕುದಿಯುತ್ತದೆ. ಒಂದು ಲೀಟರು ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿನಷ್ಟು ಜಾಗವನ್ನು ಕೇಳುತ್ತದೆ. ಆ ಆವಿಯು ಕುದಿನೀರನ್ನು ಹೊತ್ತುಕೊಂಡು ತೆರೆದವನ ಮುಖಕ್ಕೂ ಎದೆಗೂ ರಾಚುತ್ತದೆ. ಕಣ್ಣು ಹೋದವರಿದ್ದಾರೆ. ಒದ್ದೆ ಬಟ್ಟೆಯನ್ನು ಹಿಡಿದು ತೆರೆದರೆ ಅಪಾಯವಿಲ್ಲವೆಂಬ ಮಾತನ್ನು ನಂಬಬಾರದು. ಬಟ್ಟೆಯು ಕೈಯನ್ನು ಒಂದು ಗಳಿಗೆ ಕಾಪಾಡೀತು, ಮುಖವನ್ನಲ್ಲ. ಎಂಜಿನನ್ನು ನಿಲ್ಲಿಸಿ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಕಾದು, ಮೇಲಿನ ಕೊಳವೆಯನ್ನು ಮುಟ್ಟಿ ನೋಡಿ, ಅದು ಕೈಗೆ ಹಿತವಾಗಿ ತಣಿದು ಹಿಸುಕಿದರೆ ಮೆತ್ತಗಿದ್ದಾಗ ಮಾತ್ರ ತೆರೆಯತಕ್ಕದ್ದು. ಮನೆಯ ಮಕ್ಕಳಿಗೂ ಆಳುಗಳಿಗೂ ಇದನ್ನು ಮೊದಲೇ ಹೇಳಿಟ್ಟಿರಬೇಕು.

ಮುಚ್ಚಳದ ರಬ್ಬರು ಬಿರಿದರೆ ಒತ್ತಡ ನಿಲ್ಲುವುದಿಲ್ಲ. ಕಾರು ಕಾರಣವಿಲ್ಲದೆ ಉಕ್ಕಿದಂತೆ ತೋರುತ್ತದೆ. ಅನೇಕ ವೇಳೆ ನೂರಾರು ರೂಪಾಯಿಯ ಮುಚ್ಚಳದ ದೋಷಕ್ಕೆ ಸಾವಿರಾರು ರೂಪಾಯಿಯ ರೇಡಿಯೇಟರನ್ನು ಬದಲಾಯಿಸಿ, ಆಮೇಲೂ ಕಾರು ಉಕ್ಕುವುದನ್ನು ಕಂಡು ಬೆರಗಾಗುವುದುಂಟು. ಹೊಸ ಮುಚ್ಚಳವನ್ನು ಕೊಳ್ಳುವಾಗ ಹಳೆಯದರ ಮೇಲೆ ಅಚ್ಚಾಗಿರುವ ಒತ್ತಡದ ಅಂಕಿಯನ್ನೇ ಕೇಳಿ ಕೊಳ್ಳಬೇಕು. ಹೆಚ್ಚು ಒತ್ತಡದ್ದನ್ನು ಹಾಕಿದರೆ ಒಳ್ಳೆಯದಲ್ಲವೆ ಎಂದರೆ, ಆಗ ಕೊಳವೆಯೋ ರೇಡಿಯೇಟರಿನ ಪ್ಲಾಸ್ಟಿಕ್ಕಿನ ತೊಟ್ಟಿಯೋ ಒಡೆಯುವುದು. ಮುಚ್ಚಳದಲ್ಲಿ ಒಳಮುಖವಾದ ಮತ್ತೊಂದು ಸಣ್ಣ ಕವಾಟವಿದೆ. ಎಂಜಿನು ತಣಿದಾಗ ಪಕ್ಕದ ಸೀಸೆಯಿಂದ ನೀರು ಇದರ ಮೂಲಕ ಹಿಂದಕ್ಕೆ ಎಳೆಯಲ್ಪಡುತ್ತದೆ. ಬೆಳಿಗ್ಗೆ ನೋಡಿದಾಗ ಮೇಲಿನ ಕೊಳವೆಯು ಒಳಕ್ಕೆ ಬತ್ತಿಕೊಂಡಂತಿದ್ದರೆ ಈ ಕವಾಟವು ಸಿಕ್ಕಿಕೊಂಡಿದೆಯೆಂದು ಅರ್ಥ.

ಯಾವ ನೀರು?— ಬಯಲುಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಸುಣ್ಣದ ಅಂಶವು ಬಹಳ. ಬಚ್ಚಲಿನ ಹಂಡೆಯ ಒಳಮೈಯನ್ನು ಕೆರೆದು ನೋಡಿದ ಗೃಹಿಣಿಗೆ ಇದರ ಫಲವು ಗೊತ್ತು. ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣವು ಕಲ್ಲಿನಂತಹ ಬಿಳಿಯ ಪದರವಾಗಿ ಅಂಟಿಕೊಳ್ಳುತ್ತದೆ. ಅದು ದಪ್ಪವಾದಂತೆ ಹಂಡೆಗೆ ಸೌದೆಯು ಹೆಚ್ಚು ಬೇಕಾಗುತ್ತದೆ. ಹಂಡೆಯಲ್ಲಿ ಬೆಂಕಿಯು ಹೊರಗಿದ್ದು ನೀರಿಗೆ ಶಾಖ ತಲುಪುವುದಿಲ್ಲ; ಎಂಜಿನಿನಲ್ಲಿ ಬೆಂಕಿಯು ಒಳಗಿದ್ದು ಶಾಖವು ಹೊರಗೆ ಬರುವುದಿಲ್ಲ. ಎರಕದ ಕಬ್ಬಿಣವು ಶಾಖವನ್ನು ಸಾಗಿಸುವುದರಲ್ಲಿ ಈ ಸುಣ್ಣದ ಪದರಕ್ಕಿಂತ ಇಪ್ಪತ್ತು ಪಾಲಿಗೂ ಮಿಗಿಲು. ಆದುದರಿಂದ ಉಗುರಿನಷ್ಟು ತೆಳುವಾದ ಪದರವೂ ದಪ್ಪ ಗೋಡೆಯ ಕೆಲಸವನ್ನು ಮಾಡುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡುವುದು ಉಪಯುಕ್ತ. ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನೂ, ಬೇರೆ ನೀರು ಇಲ್ಲದ ಕಡೆ 600 ಮಿಲಿಗ್ರಾಂವರೆಗೂ ಒಪ್ಪುತ್ತದೆ. 600ರ ನೀರನ್ನು 10 ಲೀಟರು ಹಿಡಿಯುವ ಟ್ರಾಕ್ಟರಿಗೆ ಒಮ್ಮೆ ತುಂಬಿದರೆ ಒಳಗೆ ಹೋಗುವ ಗಡಸು 6 ಗ್ರಾಂ. ಇಷ್ಟರಿಂದ ಬಹಳ ಹಾನಿಯಾಗದು. ಆದರೆ ಎಲ್ಲಿಯೋ ಸೋರುವ ಕಾರಣ ದಿನಕ್ಕೆ ಒಂದು ಲೀಟರಿನಂತೆ ವರ್ಷದಲ್ಲಿ 300 ದಿನ ಹುಯ್ದರೆ 180 ಗ್ರಾಂ ಒಳಗೆ ಹೋದಂತಾಯಿತು. ನೀರು ಆವಿಯಾಗಿ ಹೋದಾಗ ಸುಣ್ಣವು ಹಿಂದೆ ಉಳಿಯುತ್ತದೆ. ಅರ್ಧ ಪಾಲು ಹೊರಗೆ ಹೋಯಿತೆಂದರೂ ಉಳಿದ 90 ಗ್ರಾಂ, ಕಡ್ಡಿ ತೂರದಷ್ಟು ಸಣ್ಣ ನಳಿಗೆಗಳಲ್ಲಿಯೂ ಸಿಲಿಂಡರಿನ ಸುತ್ತಲೂ ಕೂರುವುದು. ಒಮ್ಮೆ ತುಂಬಿದ ಕೆಟ್ಟ ನೀರಿಗಿಂತ ದಿನವೂ ಹುಯ್ಯುವ ನೀರೇ ಹೆಚ್ಚು ಕೇಡು ಮಾಡುವುದು ಹೀಗೆ. ಸೋರುವಿಕೆಯನ್ನು ನಿಲ್ಲಿಸದೆ ನೀರನ್ನು ಮಾತ್ರ ತುಂಬುತ್ತ ಹೋಗುವವನು ತನ್ನ ಎಂಜಿನಿನೊಳಗೆ ದಿನಕ್ಕೊಂದು ಚಿಟಿಕೆ ಸುಣ್ಣವನ್ನು ತಾನೇ ಹಾಕುತ್ತಿದ್ದಾನೆ.

ಬ್ಯಾಟರಿಗೆ ಹಾಕುವ ಭಟ್ಟಿಯಿಳಿಸಿದ ನೀರು ಎಲ್ಲಕ್ಕೂ ಉತ್ತಮ. ಮೊದಲ ಎರಡು ಮೂರು ಮಳೆಗಳು ಮಾಡಿನ ಧೂಳನ್ನು ತೊಳೆದ ಮೇಲೆ ಶುದ್ಧವಾದ ಪಾತ್ರೆಯಲ್ಲಿ ಹಿಡಿದು ಬಟ್ಟೆಯಲ್ಲಿ ಸೋಸಿಟ್ಟ ಮಳೆಯ ನೀರೂ ಆದೀತು. ಇವೆರಡೂ ಇಲ್ಲದೆಡೆಯಲ್ಲಿ ಬಾವಿಯ ನೀರನ್ನು ಚೆನ್ನಾಗಿ ಕುದಿಸಿ, ತಣಿಸಿ, ತಳದ ಗಸಿಯನ್ನು ಬಿಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಗಡಸುತನದಲ್ಲಿ ಒಂದು ಭಾಗವಾದರೂ ಕಳೆಯುತ್ತದೆ. ಆದರೆ ಬರಿಯ ನೀರು, ಎಷ್ಟೇ ಶುದ್ಧವಾಗಿದ್ದರೂ, ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಅದಕ್ಕಾಗಿಯೇ ಕೂಲೆಂಟೆಂಬ ದ್ರವವನ್ನು ಬೆರೆಸತಕ್ಕದ್ದು.

ಕೂಲೆಂಟು.— ಇದರ ಮುಖ್ಯ ವಸ್ತು ಎಥಿಲೀನ್ ಗ್ಲೈಕಾಲು. ಅದರೊಡನೆ ತುಕ್ಕನ್ನು ತಡೆಯುವ ಔಷಧಗಳು ಸೇರಿವೆ. ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಇದನ್ನು ಬಳಸುವುದನ್ನು ಕೇಳಿ, ಕನ್ನಡನಾಡಿಗೆ ಇದೇಕೆಂದು ಪ್ರಶ್ನಿಸುವವರುಂಟು. ಸಮಭಾಗ ನೀರಿನೊಡನೆ ಬೆರೆಸಿದಾಗ ಕುದಿಯುವ ಬಿಂದುವು ಒತ್ತಡವಿಲ್ಲದೆಯೇ ಏಳೆಂಟು ಡಿಗ್ರಿ ಏರುತ್ತದೆಂಬುದು ಒಂದು ಲಾಭ. ತುಕ್ಕಿನ ನಿವಾರಣೆಯು ಅದಕ್ಕಿಂತ ದೊಡ್ಡ ಲಾಭ. ಟ್ರಾಕ್ಟರುಗಳ ಡೀಸೆಲ್ ಎಂಜಿನುಗಳಲ್ಲಿ ಮೂರನೆಯ ಲಾಭವೊಂದಿದೆ. ಅವುಗಳಲ್ಲಿ ಅನೇಕಕ್ಕೆ ನೀರಿನಲ್ಲಿಯೇ ನಿಂತಿರುವ ಸಿಲಿಂಡರು ತೋಳುಗಳಿರುತ್ತವೆ. ಎಂಜಿನಿನ ಹೊಡೆತಕ್ಕೆ ಈ ತೋಳು ಕಂಪಿಸುವಾಗ ಅದರ ಹೊರಮೈಯಲ್ಲಿ ಸೂಕ್ಷ್ಮವಾದ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತ, ಲೋಹವನ್ನು ಸೂಜಿಮೊನೆಯಂತೆ ಕೊರೆಯುತ್ತವೆ. ಕಾಲಾಂತರದಲ್ಲಿ ತೋಳು ತೂತಾಗಿ ನೀರು ಎಣ್ಣೆಗೆ ಸೇರುತ್ತದೆ. ತಕ್ಕ ಔಷಧವಿರುವ ಕೂಲೆಂಟು ಲೋಹದ ಮೇಲೆ ಕವಚವನ್ನು ಕಟ್ಟಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಬಾವಿಯ ನೀರಿನಿಂದ ಈ ಕೆಲಸವಾಗದು.

ಅಂಗಡಿಯಲ್ಲಿ ಕೂಲೆಂಟು ಹಸುರು, ಕೆಂಪು, ನೀಲಿ ಮುಂತಾದ ಬಣ್ಣಗಳಲ್ಲಿ ದೊರೆಯುತ್ತದೆ. ಬಣ್ಣವು ಜಾತಿಯ ಗುರುತಲ್ಲ. ಒಂದೇ ಬಣ್ಣದ ಎರಡು ಸೀಸೆಗಳಲ್ಲಿ ಬೇರೆ ಬೇರೆ ಔಷಧಗಳಿರಬಹುದು, ಬೆರೆಸಿದರೆ ಗಸಿಯಾಗಬಹುದು. ಕಾರಿನೊಡನೆ ಬಂದ ಕೈಪಿಡಿಯಲ್ಲಿ ಹೇಳಿರುವ ಜಾತಿಯನ್ನೇ ಹಾಕಬೇಕು. ಬೆರೆಸಿಯೇ ಮಾರುವ ದ್ರವಕ್ಕೆ ಮತ್ತೆ ನೀರು ಸೇರಿಸಕೂಡದು. ಗಟ್ಟಿಯಾದುದನ್ನು ಬೆರೆಸದೆ ಹಾಕಲೂ ಕೂಡದು, ಏಕೆಂದರೆ ಬರಿಯ ಗ್ಲೈಕಾಲು ಶಾಖವನ್ನು ಹೊರುವುದರಲ್ಲಿ ನೀರಿಗಿಂತ ಕಡಿಮೆ. ಔಷಧವು ಕಾಲಕ್ರಮದಲ್ಲಿ ತೀರುತ್ತದೆ. ಹಳೆಯ ಬಗೆಯದನ್ನು ಸುಮಾರು ಎರಡು ವರ್ಷಕ್ಕೂ, ದೀರ್ಘಕಾಲದ ಬಗೆಯದನ್ನು ಸುಮಾರು ಐದು ವರ್ಷಕ್ಕೂ ಬದಲಾಯಿಸುವುದು ರೂಢಿ. ಕೈಪಿಡಿಯ ಮಾತೇ ಕಡೆಯ ಮಾತು.

ನೀರು ಎಲ್ಲಿಗೆ ಹೋಯಿತು?— ಕಡಿಮೆಯಾದ ನೀರು ಮೂರು ದಾರಿಗಳಲ್ಲಿ ಒಂದನ್ನು ಹಿಡಿದಿರಲೇಬೇಕು: ಹೊರಗೆ ಸೋರಿರಬೇಕು, ಮುಚ್ಚಳದಿಂದ ಆವಿಯಾಗಿರಬೇಕು, ಇಲ್ಲವೆ ಎಂಜಿನಿನೊಳಕ್ಕೇ ಇಳಿದಿರಬೇಕು. ನಾಲ್ಕನೆಯ ದಾರಿಯಿಲ್ಲ.

ರಾತ್ರಿ ಕಾರಿನ ಕೆಳಗೆ ಒಂದು ಹಳೆಯ ರಟ್ಟನ್ನು ಹಾಸಿಟ್ಟರೆ ಬೆಳಿಗ್ಗೆ ಸೋರುವ ಸ್ಥಳವು ಬಣ್ಣದ ಕಲೆಯಾಗಿ ತೋರುತ್ತದೆ. ಹವಾನಿಯಂತ್ರಣವಿರುವ ಕಾರಿನಿಂದ ತೊಟ್ಟಿಕ್ಕುವ ತಿಳಿನೀರನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಅದು ಗಾಳಿಯ ತೇವವಷ್ಟೆ. ಕೂಲೆಂಟು ಬಣ್ಣವುಳ್ಳದ್ದು, ಜಾರುವಂಥದ್ದು. ಕೊಳವೆಗಳ ಕಟ್ಟುಗಳಲ್ಲಿಯೂ ರೇಡಿಯೇಟರಿನ ಅಂಚಿನಲ್ಲಿಯೂ ಒಣಗಿದ ಬಣ್ಣದ ಹಕ್ಕಳೆಯಿದ್ದರೆ ಅಲ್ಲಿಯೇ ಸೋರಿಕೆ. ನೀರಿನ ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅದರಿಂದ ಹನಿ ಬೀಳುತ್ತಿದ್ದರೆ ಪಂಪಿನ ಒಳಗಿನ ಬಿಗಿತವು ಸವೆದಿದೆಯೆಂದು ತಯಾರಕನೇ ಇಟ್ಟಿರುವ ಸೂಚನೆ. ರಂಧ್ರವನ್ನು ಮೇಣದಿಂದ ಮುಚ್ಚುವ ಜಾಣತನವನ್ನು ತೋರಿಸಬಾರದು. ನೀರು ಆಗ ಬೇರಿಂಗಿಗೆ ನುಗ್ಗಿ, ಪಂಪು ದಾರಿಯಲ್ಲಿ ಮುರಿಯುತ್ತದೆ.

ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿಯನ್ನು ಹಾಕುವ ಪದ್ಧತಿಯು ಲಾರಿ ಚಾಲಕರಲ್ಲಿ ಹಿಂದಿನಿಂದ ಬಂದದ್ದು. ಪುಡಿಯು ನೆನೆದು ತೂತಿನಲ್ಲಿ ಸಿಕ್ಕಿಕೊಂಡು ಊರು ಸೇರಿಸಬಹುದು, ಸುಳ್ಳಲ್ಲ. ಆದರೆ ತೂತು ಯಾವುದು, ನಳಿಗೆ ಯಾವುದು ಎಂಬ ವಿವೇಚನೆಯು ಅರಿಶಿನಕ್ಕಿಲ್ಲ. ಕಾಡಿನ ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಮಾಡಿದ್ದಾದರೆ, ಊರು ಸೇರಿದೊಡನೆ ಒಳಗೆಲ್ಲ ತೊಳೆಯಿಸಿ ರಿಪೇರಿ ಮಾಡಿಸತಕ್ಕದ್ದು. ಅಂಗಡಿಯಲ್ಲಿ ಮಾರುವ ಸೋರಿಕೆನಿವಾರಕ ಪುಡಿಗಳಿಗೂ ಇದೇ ಮಾತು.

ಹೊರಗೆ ಎಲ್ಲಿಯೂ ಸೋರಿಕೆ ಕಾಣದೆ ನೀರು ಕಡಿಮೆಯಾಗುತ್ತಿದ್ದರೆ ವಿಷಯವು ಗಂಭೀರ. ಎಂಜಿನಿನ ಎಣ್ಣೆಕಡ್ಡಿಯನ್ನು ಎಳೆದು ನೋಡಬೇಕು; ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣವಾಗಿದ್ದರೆ ನೀರು ಎಣ್ಣೆಗೆ ಸೇರಿದೆ. ಎಂಜಿನು ಪೂರ್ತಿ ಕಾದ ಮೇಲೂ ಹೊಗೆಯ ಕೊಳವೆಯಿಂದ ಸಿಹಿವಾಸನೆಯ ಬಿಳಿಯ ಹೊಗೆ ಬರುತ್ತಿದ್ದರೆ ನೀರು ಸಿಲಿಂಡರಿನಲ್ಲಿ ಉರಿಯುವ ಜಾಗಕ್ಕೆ ಇಳಿದಿದೆ. ತಣ್ಣಗಿರುವ ಎಂಜಿನಿನ ಮುಚ್ಚಳವನ್ನು ತೆಗೆದಿಟ್ಟು ಚಾಲೂ ಮಾಡಿದೊಡನೆ ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳೇಳುತ್ತಿದ್ದರೆ ಸಿಲಿಂಡರಿನ ತಲೆಯ ಗ್ಯಾಸ್ಕೆಟ್ಟು ಹೋಗಿರುವ ಸಂಭವವೇ ಹೆಚ್ಚು. ಈ ಮೂರರಲ್ಲಿ ಯಾವುದು ಕಂಡರೂ ಕಾರನ್ನು ಓಡಿಸದೆ ಎಳೆಯಿಸಿಕೊಂಡು ಹೋಗಬೇಕು. ನೀರು ಬೆರೆತ ಎಣ್ಣೆಯಲ್ಲಿ ಓಡಿಸಿದ ಹತ್ತು ಮೈಲಿಯು ಗ್ಯಾಸ್ಕೆಟ್ಟಿನ ಖರ್ಚನ್ನು ಇಡೀ ಎಂಜಿನಿನ ಖರ್ಚಾಗಿ ಮಾಡಬಲ್ಲದು.

ನೀರು ಸರಿಯಾಗಿದ್ದರೂ ಕಾದರೆ.— ಯಾವಾಗ ಕಾಯುತ್ತದೆಂಬುದನ್ನು ಗಮನಿಸಿದರೆ ಅರ್ಧ ಪರೀಕ್ಷೆ ಮುಗಿದಂತೆ. ಸಂತೆಯ ಜನಸಂದಣಿಯಲ್ಲಿ ಕಾದು, ಹೆದ್ದಾರಿಯಲ್ಲಿ ತಣ್ಣಗಾಗುವ ಕಾರಿನಲ್ಲಿ ಫ್ಯಾನಿನ ದೋಷವಿದೆ: ವೇಗದಲ್ಲಿ ಎದುರುಗಾಳಿಯೇ ಫ್ಯಾನಿನ ಕೆಲಸವನ್ನು ಮಾಡುತ್ತದೆ. ಇದಕ್ಕೆ ವಿರುದ್ಧವಾಗಿ, ನಿಧಾನದಲ್ಲಿ ಸರಿಯಿದ್ದು ವೇಗದಲ್ಲಿ ಇಲ್ಲವೆ ಏರಿನಲ್ಲಿ ಕಾದರೆ ನೀರಿನ ಓಟಕ್ಕೆ ತಡೆಯಿದೆ: ಕಟ್ಟಿಕೊಂಡ ನಳಿಗೆಗಳು, ಸವೆದ ಪಂಪು, ಅಥವಾ ಪಂಪಿನ ಎಳೆತಕ್ಕೆ ಒಳಕ್ಕೆ ಬತ್ತುವ ಕೆಳಗಿನ ಕೊಳವೆ. ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಮುಳ್ಳು ಮೇಲೇರಿ, ಮೇಲಿನ ಕೊಳವೆಯು ಮಾತ್ರ ತಣ್ಣಗಿದ್ದರೆ ಥರ್ಮೋಸ್ಟಾಟು ಮುಚ್ಚಿಕೊಂಡೇ ನಿಂತಿದೆ. ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ತೂಗುಹಾಕಿ ಕಾಯಿಸಿದರೆ ತೆರೆಯುವುದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಶಾಖಮಾಪಕದ ಮುಳ್ಳನ್ನು ನಂಬುವುದಕ್ಕೂ ಮಿತಿಯಿದೆ. ಅದರ ಮೂಗು ನೀರಿನಲ್ಲಿ ಮುಳುಗಿರಬೇಕು. ನೀರು ಬಹಳ ಕಡಿಮೆಯಾಗಿ ಆ ಮೂಗು ಬಯಲಾದರೆ, ಎಂಜಿನು ಉರಿಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಬಿದ್ದರೆ ಒಳ್ಳೆಯ ಸುದ್ದಿಯೆಂದು ಮುಂದುವರಿಯಕೂಡದು.

ಪಂಪನ್ನೋ ಫ್ಯಾನನ್ನೋ ತಿರುಗಿಸುವ ಬೆಲ್ಟನ್ನು ಎಂಜಿನು ನಿಂತಿರುವಾಗ, ಬೀಗದ ಕೈ ಜೇಬಿನಲ್ಲಿರುವಾಗ, ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಟ್ರಾಕ್ಟರಿನ ಬೆಲ್ಟು ನಡುವೆ ಸುಮಾರು ಅರ್ಧ ಅಂಗುಲ ತಗ್ಗಿದರೆ ಸರಿ. ಕಾರುಗಳ ವಿದ್ಯುತ್ ಫ್ಯಾನು ಎಂಜಿನು ನಿಂತ ಮೇಲೂ ತಾನಾಗಿ ತಿರುಗತೊಡಗುತ್ತದೆ. ಬೆರಳಿಗೂ ಪಂಚೆಯ ಚುಂಗಿಗೂ ಸೀರೆಯ ಸೆರಗಿಗೂ ಅದರಿಂದ ಅಪಾಯ.

ಹೊಟ್ಟು ಮತ್ತು ಧೂಳು.— ಸುಗ್ಗಿಯ ಕಾಲದಲ್ಲಿ ಟ್ರಾಕ್ಟರುಗಳು ಕಾಯುವುದಕ್ಕೆ ನೀರಿಗಿಂತ ಗಾಳಿಯ ತಡೆಯೇ ಹೆಚ್ಚಾಗಿ ಕಾರಣ. ರಾಗಿ, ಭತ್ತಗಳ ಹೊಟ್ಟೂ ಕಬ್ಬಿನ ರವದಿಯ ಚೂರೂ ರೇಡಿಯೇಟರಿನ ರೆಕ್ಕೆಗಳ ನಡುವೆ ಗೂಡುಕಟ್ಟುತ್ತವೆ. ಒಕ್ಕಣೆಯ ದಿನಗಳಲ್ಲಿ ಮಧ್ಯಾಹ್ನ ಬುತ್ತಿಗೆ ನಿಂತಾಗ ಮುಂದಿನ ಜಾಲರಿಯನ್ನು ಕೊಡವುವುದು ವಾಡಿಕೆಯಾಗಬೇಕು. ಒಳಸೇರಿದ ಹೊಟ್ಟನ್ನು, ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ, ಅಂದರೆ ಎಂಜಿನಿನ ಕಡೆಯಿಂದ ಮುಂದಕ್ಕೆ, ಮಂದವಾದ ಗಾಳಿಯಿಂದಲೋ ನೀರಿನಿಂದಲೋ ತಳ್ಳಬೇಕು. ಕಾರು ತೊಳೆಯುವ ಅಂಗಡಿಗಳ ಬಿರುಸಾದ ನೀರಿನ ಹೊಡೆತಕ್ಕೆ ತೆಳ್ಳನೆಯ ರೆಕ್ಕೆಗಳು ಮಡಿಸಿ ಮಲಗಿಬಿಡುತ್ತವೆ. ಹವಾನಿಯಂತ್ರಣವಿರುವ ಕಾರುಗಳಲ್ಲಿ ರೇಡಿಯೇಟರಿನ ಮುಂದೆ ಅದರಂತೆಯೇ ಕಾಣುವ ಮತ್ತೊಂದು ಜಾಲವಿದ್ದು, ಎರಡರ ನಡುವೆ ಕಸವು ಯಾರ ಕಣ್ಣಿಗೂ ಬೀಳದೆ ಶೇಖರವಾಗುತ್ತದೆ. ವರ್ಷಕ್ಕೊಮ್ಮೆ ಅದನ್ನು ತೆಗೆಯಿಸಿ ನೋಡುವುದು ಒಳ್ಳೆಯದು.

ಒಳಗನ್ನು ತೊಳೆಯುವಾಗ ತಣ್ಣಗಿರುವ ಎಂಜಿನಿನ ಹಳೆಯ ದ್ರವವನ್ನು ಪಾತ್ರೆಗೆ ಇಳಿಸಿ, ಶುದ್ಧ ನೀರನ್ನು ತುಂಬಿ, ಥರ್ಮೋಸ್ಟಾಟು ತೆರೆಯುವವರೆಗೂ ಓಡಿಸಿ, ತಣಿದ ಮೇಲೆ ಮತ್ತೆ ಇಳಿಸಬೇಕು. ತಿಳಿ ಬರುವವರೆಗೆ ಹೀಗೆ ಮಾಡಬೇಕು. ಹಳೆಯ ಹಿತ್ತಾಳೆ-ತಾಮ್ರದ ರೇಡಿಯೇಟರುಗಳ ಕಾಲದಿಂದ ಬಂದ ಸೋಡಾಕಾರ, ಆಮ್ಲಗಳ ಪ್ರಯೋಗವನ್ನು ಈಗಿನ ಅಲ್ಯೂಮಿನಿಯಮ್ ರೇಡಿಯೇಟರುಗಳ ಮೇಲೆ ಮಾಡಿದರೆ ಸುಣ್ಣದೊಡನೆ ರೇಡಿಯೇಟರೂ ಕರಗುತ್ತದೆ. ಹೊಸ ದ್ರವವನ್ನು ನಿಧಾನವಾಗಿ ತುಂಬಬೇಕು. ಕಾರಿನ ಮುಂಭಾಗವು ಸ್ವಲ್ಪ ಎತ್ತರಕ್ಕಿರುವಂತೆ ನಿಲ್ಲಿಸಿ, ಮುಚ್ಚಳ ತೆರೆದು, ಸ್ವಲ್ಪ ಹೊತ್ತು ಓಡಿಸಿದರೆ ಒಳಗೆ ಸಿಕ್ಕಿಕೊಂಡ ಗಾಳಿಯು ಹೊರಬೀಳುತ್ತದೆ. ಈ ಗಾಳಿಯನ್ನು ಬಿಡಿಸದೆ ಹೋದರೆ ಮಾರನೆಯ ದಿನವೇ 'ತೊಳೆಯಿಸಿದ ಮೇಲೆ ಹೆಚ್ಚು ಕಾಯುತ್ತಿದೆ' ಎಂಬ ದೂರು ಹುಟ್ಟುತ್ತದೆ.

ದಾರಿಯಲ್ಲಿ ಕಾದರೆ.— ಚಾರ್ಮಾಡಿಯಂತಹ ಘಟ್ಟವನ್ನು ತುಂಬಿದ ಕಾರು ಏರುತ್ತಿದೆಯೆಂದೂ, ಮುಳ್ಳು ಕೆಂಪು ಗೆರೆಯತ್ತ ಸರಿಯುತ್ತಿದೆಯೆಂದೂ ಭಾವಿಸೋಣ. ಮೊದಲು ಹವಾನಿಯಂತ್ರಣವನ್ನು ನಿಲ್ಲಿಸಬೇಕು. ಬಿಸಿಗಾಳಿಯ ಯಂತ್ರವಿದ್ದರೆ ಅದನ್ನು ಪೂರ್ತಿ ತೆರೆಯಬೇಕು. ಒಳಗೆ ಕೂತವರಿಗೆ ಸೆಕೆಯಾದರೂ ಅದು ಮತ್ತೊಂದು ಪುಟ್ಟ ರೇಡಿಯೇಟರಿನಂತೆ ಶಾಖವನ್ನು ಸೆಳೆಯುತ್ತದೆ. ಮೇಲಿನ ಗೇರಿನಲ್ಲಿ ಏದುತ್ತ ಎಳೆಯುವುದಕ್ಕಿಂತ ಕೆಳಗಿನ ಗೇರಿಗೆ ಇಳಿಸಿದರೆ ಪಂಪು ಚುರುಕಾಗಿ ತಿರುಗುತ್ತದೆ. ಇಷ್ಟಾದರೂ ಮುಳ್ಳು ಇಳಿಯದಿದ್ದರೆ, ಅಥವಾ ಆವಿ ಕಂಡರೆ, ದಾರಿಯ ಬದಿಯಲ್ಲಿ ಕ್ಷೇಮವಾದ ಸ್ಥಳದಲ್ಲಿ ನಿಲ್ಲಿಸಿ ಎಂಜಿನನ್ನು ಆರಿಸಿಬಿಡಬೇಕು. 'ಇನ್ನೊಂದು ತಿರುವು, ಮೇಲೆ ಅಂಗಡಿಯಿದೆ' ಎಂದು ಮುಂದುವರಿದ ಒಂದೆರಡು ಕಿಲೋಮೀಟರಿನಲ್ಲಿಯೇ ಸಿಲಿಂಡರಿನ ತಲೆಗಳು ಸೊಟ್ಟಗಾಗುವುದು.

ನಿಲ್ಲಿಸಿದ ಮೇಲೆ ಕಾದ ಎಂಜಿನಿನ ಮೇಲೆ ತಣ್ಣೀರನ್ನು ಹುಯ್ಯಕೂಡದು. ಕಾದ ಹಂಚಿನ ಮೇಲೆ ನೀರು ಚೆಲ್ಲಿದಾಗ ಹಂಚು ಬಿರಿಯುವಂತೆ ಎರಕದ ಲೋಹವೂ ಬಿರಿಯುತ್ತದೆ. ಮುಂಭಾಗದ ಮುಚ್ಚಳಿಕೆಯನ್ನು ಆವಿ ತಗ್ಗಿದ ಮೇಲೆ ಎತ್ತಿಟ್ಟು ಸುಮ್ಮನೆ ಕಾಯಬೇಕು. ತಣಿದ ಮೇಲೆ ನೀರನ್ನು ಎಂಜಿನು ಓಡುತ್ತಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ತುಂಬಬೇಕು. ಅಂತಹ ಸಮಯದಲ್ಲಿ ಹಳ್ಳದ ನೀರಾದರೂ ಚಿಂತೆಯಿಲ್ಲ, ಎಂಜಿನು ಉಳಿದರೆ ಸಾಕು. ಊರು ಸೇರಿದ ವಾರದೊಳಗೆ ಅದನ್ನು ಇಳಿಸಿ ಸರಿಯಾದ ದ್ರವವನ್ನು ತುಂಬಿದರಾಯಿತು.

ಇಳಿಸಿದ ಹಳೆಯ ದ್ರವ.— ಈ ಸಂಗತಿಯನ್ನು ಮೋಟಾರಿನ ಪುಸ್ತಕಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿಸಿರುತ್ತಾರೆ. ದನಕರುಗಳಿರುವ ಮನೆಯಲ್ಲಿ ಅಷ್ಟು ಸಾಲದು. ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ, ಗುಣದಲ್ಲಿ ವಿಷ. ನಾಯಿ, ಬೆಕ್ಕು, ಕರುಗಳು ನೆಕ್ಕುವುದುಂಟು. ಬಣ್ಣದ ಷರಬತ್ತೆಂದು ಮಗುವೂ ಕುಡಿದೀತು. ದೇಹದಲ್ಲಿ ಅದು ಆಕ್ಸಲೇಟ್ ಹರಳುಗಳಾಗಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ವಯಸ್ಕ ಮನುಷ್ಯನ ಪ್ರಾಣಕ್ಕೂ ಸುಮಾರು 100 ಮಿಲಿಲೀಟರು ಸಾಕಾಗಬಹುದು. ಕುಡಿದವನು ಮೊದಲು ಅಮಲೇರಿದವನಂತೆ ತೂರಾಡಿ, ನಂತರ ಸುಧಾರಿಸಿದಂತೆ ತೋರಬಹುದು. ಆ ತೋರಿಕೆಯನ್ನು ನಂಬಿ ಕಾಲಹರಣ ಮಾಡದೆ, ದ್ರವದ ಡಬ್ಬಿಯೊಡನೆ ಒಡನೆಯೇ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ಹೊತ್ತಿನೊಳಗೆ ಕೊಟ್ಟರೆ ಇದಕ್ಕೆ ಪ್ರತ್ಯೌಷಧವುಂಟು. ದನಗಳು ಕುಡಿದಲ್ಲಿ ಪಶುವೈದ್ಯರಿಗೂ ಅದೇ ರೀತಿ ಒಡನೆ ತಿಳಿಸಬೇಕು.

ಆದುದರಿಂದ ಇಳಿಸಿದ ದ್ರವವನ್ನು ಅಂಗಳದಲ್ಲಿ ಚೆಲ್ಲುವುದಾಗಲಿ, ಬಾನಿಯಲ್ಲಿಯೋ ಕಲಗಚ್ಚಿನ ಮಡಕೆಯಲ್ಲಿಯೋ ಹಿಡಿದಿಡುವುದಾಗಲಿ, ಕೆರೆಯ ಕಡೆಗೆ ಹರಿಯುವ ಚರಂಡಿಗೆ ಬಿಡುವುದಾಗಲಿ ಕೂಡದು. ಕುಡಿಯುವ ನೀರಿನ ಸೀಸೆಯಲ್ಲಂತೂ ತುಂಬಲೇ ಬಾರದು. ಅಗಲವಾದ ಪಾತ್ರೆಗೆ ಇಳಿಸಿ, ಬಿಗಿಮುಚ್ಚಳದ ಡಬ್ಬಿಗೆ ಬಗ್ಗಿಸಿ, 'ವಿಷ' ಎಂದು ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಸಿಗದಲ್ಲಿಟ್ಟಿದ್ದು, ಮುಂದೆ ಪಟ್ಟಣಕ್ಕೆ ಹೋದಾಗ ಹಳೆಯ ಎಣ್ಣೆ ಮತ್ತು ಕೂಲೆಂಟುಗಳನ್ನು ಸ್ವೀಕರಿಸುವ ರಿಪೇರಿ ಶಾಲೆಗೆ ಒಪ್ಪಿಸಬೇಕು. ನೆಲದ ಮೇಲೆ ಬಿದ್ದ ಹನಿಗಳ ಮೇಲೆ ಒಣಮಣ್ಣನ್ನೋ ಮರದ ಹೊಟ್ಟನ್ನೋ ಹರಡಿ, ಅದು ಹೀರಿಕೊಂಡ ಮೇಲೆ ಗುಡಿಸಿ ಅದೇ ಡಬ್ಬಿಯ ಪಕ್ಕದಲ್ಲಿ ಚೀಲದಲ್ಲಿ ಕಟ್ಟಿಡತಕ್ಕದ್ದು. ಗುಡಿಸುವವರೆಗೆ ಕರುವನ್ನು ಗೂಟದಿಂದ ಬಿಚ್ಚಕೂಡದು.